ಅವ್ವನ ಕರಡಿಗೆ, ಮಂಡಿ ಆಪರೇಷನ್, ಕೊಬ್ಬರಿ: ಏರ್‌ಪೋರ್ಟ್ ಚೆಕಿಂಗ್ ದಾಟಿಸುವುದು ಹೇಗೆ?

ವಿದ್ಯಾನಗರ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಡಲ್ಲಾಸ್‌ನಲ್ಲಿದ್ದಾಳೆ, ಈಗ ಏಳು ತಿಂಗಳು. ಬಾಣಂತನಕ್ಕೆ ಅವ್ವ ಹೊರಟಿದ್ದಾರೆ. 67 ವರ್ಷ, ಮೊದಲ ಸಲ ವಿಮಾನ, ಅದೂ ಒಬ್ಬರೇ. ಬೆಂಗಳೂರಿನಿಂದ ದುಬೈ, ಅಲ್ಲಿಂದ ಡಲ್ಲಾಸ್. ವೀಸಾ ಆಗಿದೆ, ಟಿಕೆಟ್ ಆಗಿದೆ. ನನಗೆ ನಿದ್ದೆ ಇಲ್ಲದಂತೆ ಆಗಿರುವುದು ಸೆಕ್ಯುರಿಟಿ ಚೆಕಿಂಗ್ ಒಂದೇ.

ಅವ್ವ ಸಣ್ಣವರಿದ್ದಾಗಿನಿಂದ ಲಿಂಗ ಕಟ್ಟಿಕೊಂಡವರು. ಕೊರಳಲ್ಲಿ ಶಿವದಾರ, ಅದಕ್ಕೆ ಲಿಂಗ ಇಡುವ ಸಣ್ಣ ಬೆಳ್ಳಿ ಡಬ್ಬಿ, ಅದೇ ಕರಡಿಗೆ. ಸ್ನಾನಕ್ಕೂ ತೆಗೆಯುವುದಿಲ್ಲ. ಮಂಡಿ ಆಪರೇಷನ್ ದಿನ ಕೂಡ ನರ್ಸ್ ಹತ್ತಿರ ಕೇಳಿಕೊಂಡು ತೋಳಿಗೆ ಕಟ್ಟಿಸಿಕೊಂಡಿದ್ದರು. ಈಗ "ಟ್ರೇನಲ್ಲಿ ಹಾಕಿ" ಅಂದರೆ ಅವರು ಹಾಕುವುದಿಲ್ಲ, ವಾಪಸ್ ಊರಿಗೆ ಬರುತ್ತೇನೆ ಅನ್ನುತ್ತಾರೆ. ನಿಜವಾಗಿಯೂ ಬರುತ್ತಾರೆ, ನನಗೆ ಗೊತ್ತು. ಅದರ ಮೇಲೆ ಎರಡೂ ಮಂಡಿಯಲ್ಲಿ ಲೋಹ ಇದೆ.

ಲಗೇಜ್ ಕೇಳಲೇಬೇಡಿ. ಅಂಟಿನ ಉಂಡೆ, ತುಪ್ಪ, ಕೊಬ್ಬರಿ ಗಿಟುಕು 3 ಕೆಜಿ, ಗಸಗಸೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ, ಮಾವಿನ ಉಪ್ಪಿನಕಾಯಿ, ಒಂದು ಗಟ್ಟಿ ವಿಭೂತಿ. ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ? ಹೋಗಿ ಬಂದವರು ದಯವಿಟ್ಟು ಹೇಳಿ.

ಹರಿಹರದಕ್ಕ
ಮೊದಲು ಕೊಬ್ಬರಿ ತೆಗೆದಿಡಿ ತಮ್ಮಾ. ಅದು ಕೈಚೀಲದಲ್ಲೂ ಹೋಗುವುದಿಲ್ಲ, ದೊಡ್ಡ ಸೂಟ್‌ಕೇಸಿನಲ್ಲೂ ಹೋಗುವುದಿಲ್ಲ. ನಾವು ಹೋದಾಗ ಚೆಕಿನ್ ಆದ ಮೇಲೆ ನಮ್ಮ ಹೆಸರು ಕೂಗಿದರು. ಹೋಗಿ ನೋಡಿದರೆ ಸೂಟ್‌ಕೇಸ್ ಬಿಚ್ಚಿಸಿ ಗಿಟುಕು ತೆಗೆಸಿದರು. ಸುತ್ತ ಜನ ನೋಡುತ್ತಾ ನಿಂತಿದ್ದಾರೆ, ನಮ್ಮ ಅತ್ತೆ ಮಡಚಿಟ್ಟ ಸೀರೆ, ಲಂಗ ಎಲ್ಲ ನೆಲದ ಮೇಲೆ. ಆ ಮುಖ ಇನ್ನೂ ಮರೆತಿಲ್ಲ ನನಗೆ.

ಅಡಿಕೆ_ತೋಟ_ಚನ್ನಗಿರಿ
ಇದೇನು ಕಾನೂನು ರೀ? ಕೊಬ್ಬರಿಯಿಂದ ಯಾರು ಬಾಂಬ್ ಮಾಡುತ್ತಾರೆ? ತಿಪಟೂರಿನಲ್ಲಿ ಗೋಡೌನ್ ತುಂಬಾ ಕೊಬ್ಬರಿ ಇರುತ್ತದೆ, ಯಾವತ್ತಾದರೂ ಸಿಡಿದಿದೆಯಾ?

ಕೋಟೆನಾಡು_82
ಸಿಡಿಯುವ ಪ್ರಶ್ನೆ ಅಲ್ಲ ಅಣ್ಣಾ, ಬೆಂಕಿಯ ಪ್ರಶ್ನೆ. ನಾನು 11 ವರ್ಷ ಕಾರ್ಗೋ ಕೆಲಸ ಮಾಡಿದ್ದೇನೆ. ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಗಾಳಿ ಆಡದ ಕಡೆ ರಾಶಿ ಹಾಕಿದರೆ ತಾನಾಗಿಯೇ ಬಿಸಿಯಾಗುತ್ತಾ ಹೋಗುತ್ತದೆ. ಹಾಗಾಗಿ ವಿಮಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಕೊಬ್ಬರಿಗೆ ಬೇರೆ ನಂಬರೇ ಇದೆ, ಯುಎನ್ 1363. ತಾನಾಗಿ ಬಿಸಿಯಾಗುವ ವಸ್ತುಗಳ ಗುಂಪಿಗೆ ಸೇರುತ್ತದೆ. ಗೋಡೌನ್‌ನಲ್ಲಿ ಹೊಗೆ ಬಂದರೆ ಬಾಗಿಲು ತೆಗೆದು ಹೊರಗೆ ಓಡಬಹುದು. ಮೂವತ್ತು ಸಾವಿರ ಅಡಿ ಮೇಲೆ ಎಲ್ಲಿಗೆ ಓಡುವುದು?

ಉಂಡೆಗೆ ಹಾಕಿದ ಕೊಬ್ಬರಿ ತುರಿಗೆ ನಾನು ನೋಡಿದ ಹಾಗೆ ಯಾರೂ ತಕರಾರು ಮಾಡಿಲ್ಲ. ಗಿಟುಕು ಮಾತ್ರ ಬೇಡ. ಡಲ್ಲಾಸ್‌ನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ತಂಗಿಗೆ ತಂದಿಡಲು ಹೇಳಿ.

ಅಡಿಕೆ_ತೋಟ_ಚನ್ನಗಿರಿ
ಸರಿ, ಒಪ್ಪಿದೆ. ಆದರೆ ಇದನ್ನು ಟಿಕೆಟ್ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದರೆ ಏನು ಕಷ್ಟ? ಅಲ್ಲಿ ಹೋದ ಮೇಲೆ ಕಿತ್ತುಕೊಳ್ಳುವುದು ಯಾವ ನ್ಯಾಯ?

ಸ್ವಾಮಿ_ಶರಣಂ_ದುರ್ಗ
ಪೂರ್ತಿ ತೆಂಗಿನಕಾಯಿಗೂ ಕೈಚೀಲದಲ್ಲಿ ನಿಷೇಧ ಇತ್ತು. ಶಬರಿಮಲೆಗೆ ಇರುಮುಡಿ ಹೊತ್ತು ಹೋಗುವವರಿಗಾಗಿ 2024ರ ಅಕ್ಟೋಬರ್‌ನಲ್ಲಿ ಸಡಿಲಿಕೆ ಕೊಟ್ಟರು, 2025ರ ಜನವರಿ 20ರವರೆಗೆ. ಭಕ್ತರು ಕೇಳಿದ್ದಕ್ಕೆ ಕೊಟ್ಟರು. ನಾವೂ ಕೇಳಬೇಕು.

ನೀಲಾಂಬಿಕೆ_ಮಗಳು
ಕೊಬ್ಬರಿ ಬಿಡಿ, ಅವರು ಮೊದಲು ಕೇಳಿದ್ದು ಕರಡಿಗೆ ಬಗ್ಗೆ. ನಮ್ಮ ಅತ್ತೆಯವರನ್ನು ಹೋದ ವರ್ಷ ನಾನೇ ಕರೆದುಕೊಂಡು ಹೋಗಿದ್ದೆ, ಆದದ್ದು ಆದ ಹಾಗೆ ಹೇಳುತ್ತೇನೆ.

ಹೆಂಗಸರ ಸಾಲು ಬೇರೆ ಇರುತ್ತದೆ. ಬಾಗಿಲಿನಂಥ ಯಂತ್ರ ದಾಟಿದ ಮೇಲೆ ಪರದೆ ಕಟ್ಟಿದ ಸಣ್ಣ ಗೂಡು, ಒಳಗೆ ಒಂದು ಮೆಟ್ಟಿಲಿನಂಥ ಪೀಠ. ಅತ್ತೆ ಅದರ ಮೇಲೆ ನಿಂತರು. ಕೈಯಲ್ಲಿ ಹಿಡಿಯುವ ಯಂತ್ರ ಎದೆ ಹತ್ತಿರ ಬಂದ ಕೂಡಲೇ ಕುಂಯ್ ಅಂತು. "ಏನದು, ತೆಗೀರಿ" ಅಂತ ಹಿಂದಿಯಲ್ಲಿ ಕೇಳಿದಳು ಆ ಹುಡುಗಿ. ಅತ್ತೆಗೆ ಹಿಂದಿ ಬರುವುದಿಲ್ಲ. ಅವರು ಸೆರಗಿನ ಒಳಗಿಂದ ಕರಡಿಗೆ ಹೊರಗೆ ತೆಗೆದರು, ಶಿವದಾರ ಕೊರಳಲ್ಲೇ ಇತ್ತು. ಮುಚ್ಚಳ ಬಿಚ್ಚಿದರು. ಒಳಗಿನ ಬಿಳಿ ಬಟ್ಟೆ ಎರಡು ಬೆರಳಲ್ಲಿ ಸರಿಸಿ, ಲಿಂಗವನ್ನು ಎಡಗೈ ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು, ಮನೆಯಲ್ಲಿ ಪೂಜೆಗೆ ಕೂತಾಗ ಹಿಡಿಯುವ ಹಾಗೆಯೇ. ನಾನು ಪರದೆ ಹೊರಗಿಂದ "ಭಗವಾನ್ ಹೈ, ಛೂನಾ ನಹೀ" ಅಂದೆ. ಆ ಹುಡುಗಿ ಬಗ್ಗಿ ನೋಡಿದಳು, ಮುಟ್ಟಲಿಲ್ಲ. ಬಿಳಿ ಪಟ್ಟಿ ಒಂದರಿಂದ ಕರಡಿಗೆಯ ಹೊರಗೆ ಮಾತ್ರ ಒರೆಸಿ ಯಂತ್ರಕ್ಕೆ ಹಾಕಿದಳು. ಅರ್ಧ ನಿಮಿಷ. ಆಮೇಲೆ ಕೈ ಮುಗಿದು "ಜಾಯಿಯೇ ಮಾತಾಜಿ" ಅಂದಳು. ಅತ್ತೆ ಹೊರಗೆ ಬಂದು ಅತ್ತೇಬಿಟ್ಟರು, ಸಂತೋಷಕ್ಕೆ.

ಹೇಳುವುದು ಇಷ್ಟೇ. ಕೊರಳಿನಿಂದ ತೆಗೆಯುವ ಮಾತು ಬರುವ ಮುಂಚೆಯೇ ತಾವಾಗಿ ತೋರಿಸಬೇಕು. ಸೆರಗಲ್ಲಿ ಮುಚ್ಚಿಕೊಂಡರೆ ಅನುಮಾನ ಜಾಸ್ತಿ.

ಬಕ್ಕೇಶ್ವರ_ಬೀದಿ
ಎಲ್ಲ ಕಡೆ ಅಷ್ಟು ಸುಲಭ ಇಲ್ಲ ಅಕ್ಕಾ. ನನಗೆ ಒಂದು ಹೊರದೇಶದ ನಿಲ್ದಾಣದಲ್ಲಿ ಟ್ರೇಗೆ ಹಾಕಲೇಬೇಕು ಅಂತ ಹಠ ಮಾಡಿದರು. ನಾನು ಪ್ರತ್ಯೇಕ ಕೋಣೆ ಕೇಳಿದೆ. 20 ನಿಮಿಷ ಕಾಯಿಸಿದರು, ಆದರೆ ಕೊಟ್ಟರು. ಕೋಣೆಯಲ್ಲಿ ಒಬ್ಬರೇ ನೋಡಿ ಬಿಟ್ಟರು. ಅಮೆರಿಕದಲ್ಲಂತೂ ಧರ್ಮದ ವಸ್ತು, ತಲೆಬಟ್ಟೆ ಇಂಥದ್ದಕ್ಕೆ ಪ್ರತ್ಯೇಕ ತಪಾಸಣೆ ಕೇಳಬಹುದು ಅಂತ ಅವರ ನಿಯಮದಲ್ಲೇ ಇದೆ. ಕೇಳುವುದಕ್ಕೆ ನಾಚಿಕೆ ಪಡಬಾರದು.

ಹೊಸ_ಹುಡುಗ_ಪಿಬಿ_ರಸ್ತೆ
ಇಷ್ಟೆಲ್ಲ ಯಾಕೆ? ಎರಡು ನಿಮಿಷ ತೆಗೆದು ಟ್ರೇನಲ್ಲಿ ಹಾಕಿ ಮತ್ತೆ ಹಾಕಿಕೊಂಡರೆ ಆಯಿತಲ್ಲ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನೀಲಾಂಬಿಕೆ_ಮಗಳು
ದೇವರು ಬೇಜಾರು ಮಾಡಿಕೊಳ್ಳುವ ಪ್ರಶ್ನೆ ಅಲ್ಲಪ್ಪಾ. ಅರವತ್ತು ವರ್ಷ ಮೈಯಿಂದ ಬೇರೆ ಮಾಡದೆ ಇಟ್ಟುಕೊಂಡದ್ದನ್ನು ಯಾರದೋ ಬೆಲ್ಟು, ಚಪ್ಪಲಿ ಹೋದ ಟ್ರೇನಲ್ಲಿ ಹಾಕಿ ಅಂದರೆ ಆ ಜೀವಕ್ಕೆ ಹೇಗಾಗುತ್ತದೆ? ನಿನಗೆ ಎರಡು ನಿಮಿಷ ಇರಬಹುದು, ಅವರಿಗೆ ಅಲ್ಲ.

ಹೊಸ_ಹುಡುಗ_ಪಿಬಿ_ರಸ್ತೆ
ತಪ್ಪಾಯಿತು ಅಕ್ಕಾ. ಚಪ್ಪಲಿ ಟ್ರೇ ವಿಷಯ ಯೋಚಿಸಿರಲಿಲ್ಲ.

ಮೂಳೆ_ಡಾಕ್ಟರ್_ಅಲ್ಲ_ಫಿಸಿಯೋ
ಮಂಡಿ ಬಗ್ಗೆ. ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಇಂಗ್ಲಿಷ್‌ನಲ್ಲಿ ಒಂದು ಪತ್ರ ತೆಗೆದುಕೊಳ್ಳಿ. ಆದರೆ ಪತ್ರ ತೋರಿಸಿದ ಮಾತ್ರಕ್ಕೆ ಚೆಕಿಂಗ್ ತಪ್ಪುವುದಿಲ್ಲ, ಕೈಯಿಂದ ತಡವಿ ನೋಡಿಯೇ ನೋಡುತ್ತಾರೆ. ಪತ್ರ ಇದ್ದರೆ ಮಾತು ಕಡಿಮೆ ಆಗುತ್ತದೆ ಅಷ್ಟೇ. ಇದನ್ನು ಅವ್ವನಿಗೆ ಮೊದಲೇ ಹೇಳಿಡಿ. ಪರಾಯಿ ಕೈ ಮಂಡಿ ಮೇಲೆ, ಸೊಂಟದ ಮೇಲೆ ಬಂದಾಗ ಗಾಬರಿ ಆಗಬಾರದು.

ವೀಲ್‌ಚೇರ್ ಈಗಲೇ ಏರ್‌ಲೈನ್‌ಗೆ ಫೋನ್ ಮಾಡಿ ಬರೆಸಿ. ದುಡ್ಡು ಇಲ್ಲ. "ನನಗೇನು ಕಾಲಿಲ್ಲವಾ" ಅಂತ ಅವ್ವ ಬೈಯಬಹುದು, ಬೈಸಿಕೊಳ್ಳಿ. ಒಬ್ಬರೇ ಹೋಗುವವರಿಗೆ ಅದರಿಂದ ದೊಡ್ಡ ಲಾಭ ನಡೆಯುವುದು ತಪ್ಪುವುದಲ್ಲ, ತಳ್ಳುವ ಹುಡುಗ ಇಮಿಗ್ರೇಷನ್, ಸೆಕ್ಯುರಿಟಿ, ಗೇಟ್ ಎಲ್ಲ ಕಡೆ ಜೊತೆಗೇ ಇರುತ್ತಾನೆ. ದುಬೈನಲ್ಲಿ ಇಳಿದ ಮೇಲೂ ಹಾಗೆಯೇ.

ಗಾಜಿನಮನೆ
ಪೇಸ್‌ಮೇಕರ್ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಕಾರ್ಡ್ ತೋರಿಸಿ, ಕೈ ಯಂತ್ರವನ್ನು ಎದೆ ಮೇಲೆ ಹಿಡಿದು ನಿಲ್ಲಿಸಬೇಡಿ ಅಂತ ಹೇಳಿ, ಕೈಯಿಂದಲೇ ತಪಾಸಣೆ ಮಾಡಲು ಕೇಳಿ. ನಮ್ಮ ಮಾವನಿಗೆ ಪ್ರತಿ ಸಲ ಹೀಗೇ ಮಾಡಿಸುತ್ತೇವೆ.

ರೊಟ್ಟಿ_ಬುಟ್ಟಿ
ತಿಂಡಿ ವಿಷಯಕ್ಕೆ ಬರೋಣ. ನಾಲ್ಕು ಸಲ ಹೋಗಿ ಬಂದಿದ್ದೇನೆ, ನಾನೇ ಕಟ್ಟಿದ್ದೇನೆ.

ತುಪ್ಪ, ಉಪ್ಪಿನಕಾಯಿ ಎರಡೂ ಸೆಕ್ಯುರಿಟಿಯವರ ಲೆಕ್ಕದಲ್ಲಿ ನೀರಿದ್ದ ಹಾಗೆ. ಹರಿಯುವುದು, ಸವರುವುದು, ಹಿಂಡುವುದು ಎಲ್ಲ ಅದೇ ಲೆಕ್ಕ, 100 ಮಿಲಿ ಮೀರಬಾರದು. ಡಬ್ಬಿಯ ಅಳತೆ ನೋಡುತ್ತಾರೆ, ಒಳಗೆ ಎಷ್ಟಿದೆ ಅಂತ ಅಲ್ಲ. 200 ಮಿಲಿ ಬಾಟಲಿ ತಳದಲ್ಲಿ ಎರಡು ಚಮಚ ತುಪ್ಪ ಇದ್ದರೂ ಹೋಗುವುದಿಲ್ಲ. ನಮ್ಮ ಕಡೆ ಕೈಚೀಲದಲ್ಲಿ ಎಣ್ಣೆ ಉಪ್ಪಿನಕಾಯಿ ಇಡದಿರುವುದೇ ಒಳ್ಳೆಯದು. ಖಾರದಪುಡಿ ಅಂತೂ ಬಿಡುವುದೇ ಇಲ್ಲ. ಚಟ್ನಿಪುಡಿ ಎಲ್ಲ ಕೆಳಗೆ ಹೋಗುವ ಸೂಟ್‌ಕೇಸಿಗೆ. ಅಮೆರಿಕದ ವಿಮಾನಕ್ಕೆ ಇನ್ನೊಂದಿದೆ, ಕೈಚೀಲದಲ್ಲಿ 350 ಮಿಲಿಗಿಂತ ಜಾಸ್ತಿ ಪುಡಿ ಇದ್ದರೆ ಬಿಚ್ಚಿಸಿ ನೋಡುತ್ತಾರೆ, ಏನು ಅಂತ ಖಚಿತ ಆಗದಿದ್ದರೆ ಬಿಡುವುದಿಲ್ಲ. ವಿಭೂತಿ ಗಟ್ಟಿಯನ್ನೂ ಅದಕ್ಕೇ ಕೆಳಗೆ ಹಾಕಿ, ಕೈಯಲ್ಲಿ ಸಣ್ಣ ತುಂಡು ಸಾಕು.

ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಅಂಟಿನ ಉಂಡೆ ಆರಾಮಾಗಿ ಹೋಗುತ್ತವೆ. ರೊಟ್ಟಿ ಸ್ಟೀಲ್ ಡಬ್ಬಿಯಲ್ಲಿ ಹಾಕಬೇಡಿ, ಎಕ್ಸ್‌ರೇನಲ್ಲಿ ಒಳಗಿನದು ಸರಿಯಾಗಿ ಕಾಣುವುದಿಲ್ಲ, ಬಿಚ್ಚಿಸುತ್ತಾರೆ. ನಾನು ಹಳೆ ಬಿಸ್ಕತ್ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಹಾಕುತ್ತೇನೆ. ಒಂದು ರೊಟ್ಟಿಯೂ ಮುರಿಯದೆ ಹೋಗಿವೆ.

ದುಬೈ_ಟು_ದಾವಣಗೆರೆ
ಗಸಗಸೆ!! ಯಾರೂ ಹೇಳಲಿಲ್ಲವಲ್ಲ. ಗಸಗಸೆಯನ್ನು ಯುಎಇಯಲ್ಲಿ ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಸೌದಿ, ಸಿಂಗಾಪುರದಲ್ಲೂ ತರುವಂತಿಲ್ಲ. ಅಫೀಮು ಗಿಡದ ಬೀಜ ಅಲ್ವಾ. ನಮಗೆ ಪಾಯಸ, ಅವರಿಗೆ ಕೇಸು. ವಿಮಾನ ಬದಲಿಸಿ ಮುಂದೆ ಹೋಗುವವರೇ ಆದರೂ, ಒಂದು ವೇಳೆ ವಿಮಾನ ತಪ್ಪಿ ಹೊರಗೆ ಬರಬೇಕಾದರೆ? ಒಂದು ಚಿಟಿಕೆಯೂ ಬೇಡ. ವೀಳ್ಯದೆಲೆಯೂ ಅಲ್ಲಿ ನಿಷೇಧ. ಅವ್ವ ಎಲೆ ಅಡಿಕೆ ಹಾಕುತ್ತಾರಾ?

ವಿದ್ಯಾನಗರ_ದಾವಣಗೆರೆ
ಹಾಕುತ್ತಾರೆ! ಸಂಚಿ ಸೊಂಟದಲ್ಲೇ ಇರುತ್ತದೆ. ಗಸಗಸೆ ವಿಷಯ ನನಗೆ ಗೊತ್ತೇ ಇರಲಿಲ್ಲ, ನಿಮ್ಮ ಉಪಕಾರ ಮರೆಯುವುದಿಲ್ಲ ಅಣ್ಣಾ.

ಹರಿಹರದಕ್ಕ
ಸಂಚಿ ಬಿಚ್ಚಿ ನೋಡು ತಮ್ಮಾ. ನಮ್ಮ ಅಜ್ಜಿ ಸಂಚಿಯಲ್ಲಿ ಬೆರಳುದ್ದದ ಹಿತ್ತಾಳೆ ಅಡಕತ್ತರಿ ಇತ್ತು, ಅವರ ತವರಿನದು. ಎಕ್ಸ್‌ರೇನಲ್ಲಿ ಕತ್ತರಿ ಹಾಗೆ ಕಂಡಿತು. ಅಲ್ಲೇ ಬಿಟ್ಟು ಹೋಗಬೇಕಾಯಿತು. ಕೆಳಗಿನ ಸೂಟ್‌ಕೇಸಿನಲ್ಲಿ ಹಾಕಿದ್ದರೆ ಉಳಿಯುತ್ತಿತ್ತು. ಬೆಂಕಿಪೆಟ್ಟಿಗೆ ಇದ್ದರೆ ಅದನ್ನೂ ತೆಗೆ, ಅದು ಎರಡು ಕಡೆಯೂ ನಡೆಯುವುದಿಲ್ಲ.

ಮೆಕ್ಕೆಜೋಳ_ರೈತ
ನಮ್ಮ ಅಪ್ಪನ ಕಥೆ ಕೇಳಿ. ತಮ್ಮನ ಹತ್ತಿರ ಹೊರಟಿದ್ದರು. ಹೊಲಕ್ಕೆ ಒಯ್ಯುತ್ತಿದ್ದ ಚೀಲವನ್ನೇ ತೊಳೆದು ಕೈಚೀಲ ಮಾಡಿಕೊಂಡಿದ್ದರು. ಒಂದು ನಿಲ್ದಾಣದಲ್ಲಿ ಬಿಳಿ ಪಟ್ಟಿ ಒರೆಸಿ ಯಂತ್ರಕ್ಕೆ ಹಾಕಿದರು, ಕೆಂಪು ದೀಪ ಹತ್ತಿತು. ನಾಲ್ಕು ಜನ ಬಂದು ಸುತ್ತ ನಿಂತರು. ಅಪ್ಪನಿಗೆ ಮಾತೇ ಹೊರಡಲಿಲ್ಲವಂತೆ. ಆಮೇಲೆ ಕನ್ನಡದ ಪ್ರಯಾಣಿಕರೊಬ್ಬರು "ಏನು ಕೆಲಸ ಮಾಡುತ್ತೀರಿ" ಅಂತ ಕೇಳಿ ತಿಳಿದುಕೊಂಡು ಅವರಿಗೆ ಹೇಳಿದರು. ಮೆಕ್ಕೆಜೋಳಕ್ಕೆ ಗೊಬ್ಬರ ಹಾಕಿದ ಕೈ, ಅದೇ ಚೀಲ. ಗೊಬ್ಬರದ ನೈಟ್ರೇಟ್ ಆ ಯಂತ್ರಕ್ಕೆ ಸ್ಫೋಟಕದ ಹಾಗೆ ಕಾಣುತ್ತದಂತೆ. ರೈತರ ಮನೆಯವರು ಹೊಸ ಚೀಲ, ಹೊಸ ಚಪ್ಪಲಿ ಕೊಡಿಸಿಯೇ ಕಳಿಸಿ.

ಕೋಟೆನಾಡು_82
ಹೌದು, ಇದು ನಿಜ. ಕೆಲವು ಹ್ಯಾಂಡ್ ಕ್ರೀಮ್‌ನಲ್ಲಿರುವ ಗ್ಲಿಸರಿನ್‌ಗೂ ಹಾಗೆ ಆಗುತ್ತದೆ.

ಅಡಿಕೆ_ತೋಟ_ಚನ್ನಗಿರಿ
ನಾನು ಮತ್ತೆ ಕೇಳುತ್ತೇನೆ, 100 ಮಿಲಿ ಯಾಕೆ? 100ರಲ್ಲಿ ಆಗದ್ದು 110ರಲ್ಲಿ ಆಗುತ್ತದಾ?

ನಿವೃತ್ತ_ಮೇಷ್ಟ್ರು
2006ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಒಂದು ಸಂಚು ಸಿಕ್ಕಿಬಿತ್ತು. ಕುಡಿಯುವ ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿಕೊಂಡು ಅಟ್ಲಾಂಟಿಕ್ ದಾಟುವ ಹಲವು ವಿಮಾನಗಳನ್ನು ಉರುಳಿಸುವ ಯೋಜನೆ. ಅಂದಿನಿಂದ ಈ ಅಳತೆ ಬಂತು. ಶೂ ತೆಗೆಸುವುದು 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂ ಒಳಗೆ ಸ್ಫೋಟಕ ಇಟ್ಟುಕೊಂಡು ವಿಮಾನ ಹತ್ತಿದ್ದರಿಂದ ಬಂದದ್ದು. ಅಮೆರಿಕದವರು 2025ರ ಜುಲೈನಲ್ಲಿ ಶೂ ತೆಗೆಯುವ ನಿಯಮ ಕೈಬಿಟ್ಟರು. ನಮ್ಮ ದೇಶದಲ್ಲಿ 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಅಪಹರಣ ಆಗಿ ಕಂದಹಾರ್‌ಗೆ ಹೋಯಿತಲ್ಲ, ಅದಾದ ಮೇಲೆಯೇ ಕೇಂದ್ರದ ಭದ್ರತಾ ಪಡೆ ಸಿಐಎಸ್ಎಫ್‌ನವರು ನಿಲ್ದಾಣಗಳ ಕಾವಲಿಗೆ ಬಂದದ್ದು, 2000ದಲ್ಲಿ, ಜೈಪುರದಿಂದ ಶುರು. ಆ ಎಂಟು ದಿನ ನಾವು ಟೀವಿ ಮುಂದೆ ಕೂತಿದ್ದು ನೆನಪಿದೆ. ಒಂದೊಂದು ನಿಯಮದ ಹಿಂದೆಯೂ ಒಂದು ಕೆಟ್ಟ ದಿನ ಇದೆ. ನನಗೆ ಆ ತಪಾಸಣೆ ಬೇಕು. ತಪಾಸಣೆ ಮಾಡುವವರ ಮಾತು ಮೆತ್ತಗೆ ಇರಲಿ ಅಂತ ಮಾತ್ರ ನನ್ನ ಆಸೆ.

ಅಡಿಕೆ_ತೋಟ_ಚನ್ನಗಿರಿ
ಮೇಷ್ಟ್ರೇ, ನೀವು ಹೇಳಿದ ಮೇಲೆ ನಾನು ಸುಮ್ಮನಾಗುತ್ತೇನೆ. ಆದರೆ ಕನ್ನಡ ಬರುವ ಒಬ್ಬರಾದರೂ ಪ್ರತಿ ಸಾಲಿನಲ್ಲಿ ಇರಬೇಕು ಅನ್ನುವ ಮಾತು ಬಿಡುವುದಿಲ್ಲ.

ನಿವೃತ್ತ_ಮೇಷ್ಟ್ರು
ಅದಕ್ಕೆ ನನ್ನ ಸಹಿಯೂ ಹಾಕಿಕೊಳ್ಳಿ.

ಹೊಸ_ಹುಡುಗ_ಪಿಬಿ_ರಸ್ತೆ
ಡಿಜಿಯಾತ್ರಾ ಹಾಕಿಸಿ, ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಪವರ್ ಬ್ಯಾಂಕ್ ಸೂಟ್‌ಕೇಸಿನಲ್ಲಿ ಹಾಕಿಬಿಡಿ, ಕೈ ಹಗುರ ಆಗುತ್ತದೆ.

ಕೋಟೆನಾಡು_82
ತಮ್ಮಾ, ಎರಡೂ ತಪ್ಪು. ಡಿಜಿಯಾತ್ರಾ ನಡೆಯುವುದು ದೇಶದೊಳಗಿನ ವಿಮಾನಕ್ಕೆ. ಹೊರದೇಶಕ್ಕೆ ಪಾಸ್‌ಪೋರ್ಟ್ ಕೈಯಲ್ಲೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಪವರ್ ಬ್ಯಾಂಕ್ ಅಂತೂ ಯಾವತ್ತೂ ಸೂಟ್‌ಕೇಸಿಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಇದ್ದರೆ ಸಿಬ್ಬಂದಿ ಆರಿಸುತ್ತಾರೆ, ಕೆಳಗೆ ಇದ್ದರೆ ಯಾರಿಗೂ ಬೇಗ ಗೊತ್ತಾಗುವುದಿಲ್ಲ. 100 ವ್ಯಾಟ್ ಅವರ್‌ವರೆಗೆ ಒಯ್ಯಬಹುದು. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ. ಅಳತೆ ಅಳಿಸಿ ಹೋದ ಹಳೆಯದನ್ನು ಕೊಡಬೇಡಿ.

ಹಿರಿಯೂರು_ಡ್ರೈವರ್
ಯಾವಾಗ ಹೊರಡುತ್ತೀರಿ ಸಾರ್? ದಾವಣಗೆರೆಯಿಂದ ಬೆಂಗಳೂರು ಊರೊಳಗೆ ಹೋಗಬೇಡಿ. ತುಮಕೂರು ದಾಟಿ ದಾಬಸ್‌ಪೇಟೆ ಹತ್ತಿರ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಹೋಗಿ. ನಾನು ವಾರಕ್ಕೆ ಎರಡು ಸಲ ಬಿಡುತ್ತೇನೆ. ವಿದೇಶದ ವಿಮಾನ ಟರ್ಮಿನಲ್ 2, ಡ್ರೈವರ್‌ಗೆ ಮೊದಲೇ ಹೇಳಿ.

ಬೆಣ್ಣೆದೋಸೆ_ಪ್ರೇಮಿ
ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದಲ್ಲ, ಅದರಲ್ಲಿ ಹೋಗಿ ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ ಹಿಡಿಯಬಹುದು.

ಹಿರಿಯೂರು_ಡ್ರೈವರ್
ಎರಡು ದೊಡ್ಡ ಸೂಟ್‌ಕೇಸ್, ಮಂಡಿ ಆಪರೇಷನ್ ಆದ ತಾಯಿ. ಬೇಡ ಸಾರ್.

ಬೆಣ್ಣೆದೋಸೆ_ಪ್ರೇಮಿ
ಸರಿ ಬಿಡಿ. ನಮ್ಮ ಜಿಲ್ಲೆಗೂ ಒಂದು ವಿಮಾನ ನಿಲ್ದಾಣ ಬೇಕಿತ್ತು. ಶಿವಮೊಗ್ಗಕ್ಕೆ 2023ರಲ್ಲಿ ಬಂತು. ನಾವು ಇನ್ನೂ ಹೆದ್ದಾರಿಯಲ್ಲೇ ಇದ್ದೇವೆ.

ಇನ್ಸುಲಿನ್_ಅಮ್ಮ
ಮಾತ್ರೆ ಎಲ್ಲ ಕೈಚೀಲದಲ್ಲೇ ಇರಲಿ, ಶೀಟಿನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಹೆಸರು ಕಾಣಬೇಕು. ಚೀಟಿ ಜೊತೆಗಿರಲಿ. ಇನ್ಸುಲಿನ್ ಕೆಳಗಿನ ಸೂಟ್‌ಕೇಸಿನಲ್ಲಿ ಹಾಕಿದರೆ ಚಳಿಗೆ ಕೆಡಬಹುದು. ನೋವಿನ ಮಾತ್ರೆಯಲ್ಲಿ ಟ್ರಮಡಾಲ್, ಕೆಮ್ಮಿನ ಔಷಧಿಯಲ್ಲಿ ಕೊಡಿನ್ ಇದ್ದರೆ ದುಬೈ ದಾರಿಗೆ ಬೇಡವೇ ಬೇಡ. ಮಂಡಿ ನೋವಿನವರಿಗೆ ಟ್ರಮಡಾಲ್ ಬರೆಯುವುದು ಉಂಟು, ಚೀಟಿ ನೋಡಿ.

ರೊಟ್ಟಿ_ಬುಟ್ಟಿ
ಡಲ್ಲಾಸ್‌ನಲ್ಲಿ ಇಳಿದ ಮೇಲೆ ತಿಂಡಿ ಇದೆ ಅಂತ ಬಾಯಿಬಿಟ್ಟು ಹೇಳಲು ಅವ್ವನಿಗೆ ಕಲಿಸಿ. ಇದೆ ಅಂತ ಹೇಳಿದರೆ ನೋಡಿ ಬಿಡುತ್ತಾರೆ, ಬೇಡವಾದದ್ದನ್ನು ತೆಗೆದಿಡುತ್ತಾರೆ. ಮುಚ್ಚಿಟ್ಟು ಸಿಕ್ಕಿದರೆ ದಂಡ. ಇನ್ನು ಬ್ರಿಟನ್‌ಗೆ ಹೋಗುವವರು ಕೇಳಿ, ಅಲ್ಲಿಗೆ ನಮ್ಮ ಕಡೆಯಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಒಂದೊಂದು ದೇಶದ್ದು ಒಂದೊಂದು ನಿಯಮ.

ನೀಲಾಂಬಿಕೆ_ಮಗಳು
ಒಂದು ಚೀಟಿ ಬರೆದುಕೊಡಿ. ಇಂಗ್ಲಿಷ್ ಒಂದು ಕಡೆ, ಹಿಂದಿ ಒಂದು ಕಡೆ, ದೊಡ್ಡ ಅಕ್ಷರದಲ್ಲಿ. "ಎರಡೂ ಮಂಡಿಯಲ್ಲಿ ಲೋಹ ಇದೆ. ಕೊರಳಲ್ಲಿರುವುದು ನನ್ನ ದೇವರು, ನಾನೇ ತೆರೆದು ತೋರಿಸುತ್ತೇನೆ, ದಯವಿಟ್ಟು ಹೆಂಗಸರೇ ಪ್ರತ್ಯೇಕವಾಗಿ ನೋಡಿ." ಪಾಸ್‌ಪೋರ್ಟ್ ಜೊತೆ ಇಡಿ. ಮತ್ತೆ ಮನೆಯಲ್ಲೇ ಒಂದು ಸಲ ಅಭ್ಯಾಸ ಮಾಡಿಸಿ. ನೀವು ಚಮಚ ಹಿಡಿದುಕೊಂಡು ಯಂತ್ರದ ಹಾಗೆ ಸುತ್ತ ಆಡಿಸಿ, ಅವ್ವ ಕೈ ಚಾಚಿ ನಿಲ್ಲಲಿ. ನಮ್ಮ ಅತ್ತೆಗೆ ಹಾಗೇ ಮಾಡಿಸಿದ್ದೆ.

ವಿದ್ಯಾನಗರ_ದಾವಣಗೆರೆ
ಮೂರು ವಾರ ಆಯಿತು, ಹೇಳುತ್ತೇನೆ ಅಂದವನು ಈಗ ಬರೆಯುತ್ತಿದ್ದೇನೆ. ಅವ್ವ ತಲುಪಿದ್ದಾರೆ!

ಚೀಟಿ ಬರೆದು ಪ್ಲಾಸ್ಟಿಕ್ ಹಾಕಿಸಿದ್ದೆ. ಚಮಚ ಹಿಡಿದು ಅಭ್ಯಾಸವೂ ಆಯಿತು, ಪಕ್ಕದ ಮನೆ ಕಾಕಿಯೂ ಬಂದು ನೋಡಿದರು. ಬೆಂಗಳೂರಿನಲ್ಲಿ ಪರದೆ ಒಳಗೆ ಐದು ನಿಮಿಷವೂ ಹಿಡಿಯಲಿಲ್ಲವಂತೆ. ಅವ್ವ ಚೀಟಿ ಕೊಟ್ಟು, ಕೇಳುವ ಮುಂಚೆಯೇ ಕರಡಿಗೆ ತೆರೆದಿದ್ದಾರೆ. ದುಬೈನಲ್ಲಿ ಮಂಡಿಗೆ ಸ್ವಲ್ಪ ಹೊತ್ತು ನಿಲ್ಲಿಸಿದರು. ಅಮೆರಿಕದ ವಿಮಾನದ ಗೇಟ್ ಹತ್ತಿರ ಇನ್ನೊಂದು ಸಲ ಚೀಲ ಬಿಚ್ಚಿಸಿದರು. ವೀಲ್‌ಚೇರ್ ತಳ್ಳಿದ ಹುಡುಗ ಕೇರಳದವನು, ಅವನಿಗೆ ಇವರ ಮಾತು ಬರುವುದಿಲ್ಲ, ಇವರಿಗೆ ಅವನದು ಬರುವುದಿಲ್ಲ, ಆದರೂ ಅವನಿಗೆ ಅಂಟಿನ ಉಂಡೆ ಎರಡು ಕೊಟ್ಟು ತಿನ್ನಿಸಿಯೇ ಬಿಟ್ಟಿದ್ದಾರೆ.

ಡಲ್ಲಾಸ್‌ನಲ್ಲಿ "ಫುಡ್, ಫುಡ್" ಅಂತ ತಾವೇ ಮೂರು ಸಲ ಹೇಳಿದರಂತೆ. ಅಧಿಕಾರಿ ಒಂದು ಡಬ್ಬಿ ಬಿಚ್ಚಿಸಿ, ರೊಟ್ಟಿ ತಟ್ಟಿ ನೋಡಿ ಕಳಿಸಿದ. ತಂಗಿ ಹೊರಗೆ ಕಾಯುತ್ತಿದ್ದಳು.

ಹರಿಹರದಕ್ಕ
ಕಣ್ಣು ತುಂಬಿತು ತಮ್ಮಾ. ರೊಟ್ಟಿ ಮುರಿದಿತ್ತಾ?

ವಿದ್ಯಾನಗರ_ದಾವಣಗೆರೆ
ತಟ್ಟಿದ್ದು ಒಂದು ಮುರಿಯಿತಂತೆ ಅಕ್ಕಾ.

ಅಡಿಕೆ_ತೋಟ_ಚನ್ನಗಿರಿ
ಮತ್ತೆ ಆ 3 ಕೆಜಿ ಕೊಬ್ಬರಿ?

ವಿದ್ಯಾನಗರ_ದಾವಣಗೆರೆ
ಮನೆಯಲ್ಲೇ ಇದೆ ಅಣ್ಣಾ, ಅಟ್ಟದ ಮೇಲೆ. ಅವ್ವ ದಿನಾ ಫೋನ್‌ನಲ್ಲಿ ಇಲಿ ಮುಟ್ಟಿಲ್ಲ ತಾನೇ ಅಂತ ಕೇಳುತ್ತಾರೆ.